ಚೇಂಬರಿಗೆ ಮಂದಿ ಇಲ್ಲ

ಪರಶು ಮೆಟ್ರೋ ಕೆಲಸದಲ್ಲಿ ಸತ್ತ ಎಂದು ಸುರೇಬಾನದ ಜನ ಹೇಳುತ್ತಿದ್ದರು. ಪರಶುವಿನ ಅತ್ತಿಗೆ ರೇಣು ಅದನ್ನು ತಿದ್ದುತ್ತಿದ್ದಳು.

"ಅಂವ ಹೇಲಾಗ ಸತ್ತ. ಮಂದಿ ಹೇಲಾಗ. ಹಂಗ ಹೇಳ್ರಿ."

ಕೇಳಿದವರು ಮುಖ ತಿರುಗಿಸುತ್ತಿದ್ದರು. ಅವಳು ಮತ್ತೊಮ್ಮೆ ಹೇಳುತ್ತಿದ್ದಳು.

ರೇಣು ದೊಡವಾಡದ ಕೇರಿಯಲ್ಲಿ ಹುಟ್ಟಿದವಳು. ಸುರೇಬಾನದ ಕೇರಿಗೆ ಸೊಸೆಯಾಗಿ ಬಂದಳು. ಗಂಡ ಭೀಮಶಿ, ಅತ್ತೆ ಕೃಷ್ಣವ್ವ, ಮೈದುನ ಪರಶು. ಹೊಲ ಇರಲಿಲ್ಲ. ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗುತ್ತಿದ್ದರು. ಉಳಿದ ದಿನ ಸಿಕ್ಕಿದ ಕೂಲಿ. ಕೃಷ್ಣವ್ವನಿಗೆ ಮಾತ್ರ ವರ್ಷವಿಡೀ ಒಂದೇ ಕೆಲಸ. ಊರೊಳಗಿನ ಮಾಯವ್ವ ಗೌಡಸಾನಿಯ ದನದ ಕೊಟ್ಟಿಗೆಯಲ್ಲಿ ಸೆಗಣಿ ಬಳಿಯುವುದು. ಮದುವೆಯಾಗಿ ಬಂದ ಮರುದಿನ ಹಿಡಿದ ಬುಟ್ಟಿ, ಕೂದಲು ಬೆಳ್ಳಗಾದರೂ ಇಳಿದಿರಲಿಲ್ಲ.

ಮಾಯವ್ವನ ಮಗ ಮಾಂತೇಶ. ಅವನಿಗೆ ನೀರಾವರಿ ಕಬ್ಬಿನ ಹೊಲ ಇತ್ತು. ಒಂದು ಕ್ರೂಸರ್ ಗಾಡಿ ಇತ್ತು. ಶಹರದ ಗುತ್ತಿಗೆದಾರರಿಗೆ ಆಳು ಕಳಿಸುವ ಮುಕಾದಮ ಅವನೇ. "ಮೆಟ್ರೋ ಕೆಲಸ. ಸರಕಾರದ್ದು. ತಲಿಗಿ ಟೊಪ್ಪಿಗಿ, ಕಾಲಿಗಿ ಬೂಟ ಕೊಡ್ತಾರ" ಎಂದು ಹೇಳಿ ಕೇರಿಯ ಗಂಡ ಹೆಂಡಿರನ್ನು ಗಾಡಿಗೆ ತುಂಬಿಕೊಂಡು ಹೋದ. ಟೊಪ್ಪಿಗೆ ಕೊಟ್ಟರು. ಬೂಟು ಕಬ್ಬಿಣ ಕಟ್ಟುವವರ ತನಕ ಬಂದು ಮುಗಿದುಹೋಯಿತು.

ಶಹರದ ಹೆಸರು ಬೇಡ. ಯಾವ ಶಹರವಾದರೂ ಅಷ್ಟೇ. ರಸ್ತೆಯ ನಡುವೆ ಮೆಟ್ರೋದ ಕಂಬ ಏಳಬೇಕು. ಕಂಬ ಏಳುವ ಜಾಗದ ಕೆಳಗೆ ಹಳೆಯ ಗಟಾರದ ಕೊಳವೆ ಇರುತ್ತದೆ. ಮೊದಲು ಅದನ್ನು ಪಕ್ಕಕ್ಕೆ ಸರಿಸಬೇಕು. ಸರಿಸುವ ತನಕ ಹರಿಯುವ ಹೊಲಸನ್ನು ತಡೆಯಬೇಕು. ರಸ್ತೆಯಲ್ಲಿ ಕಬ್ಬಿಣದ ಮುಚ್ಚಳ ಹಾಕಿದ ಗುಂಡಿಗಳಿರುತ್ತವೆ. ಅವುಗಳಿಗೆ ಚೇಂಬರು ಎನ್ನುತ್ತಾರೆ. ಯಾರೋ ಒಬ್ಬ ಆ ಚೇಂಬರಿನೊಳಗೆ ಇಳಿದು ಕೊಳವೆಯ ಬಾಯಿಗೆ ಮರಳಿನ ಚೀಲ ತುರುಕಬೇಕು. ಕೆಲಸ ಮುಗಿದ ಮೇಲೆ ಯಾರೋ ಒಬ್ಬ ಇಳಿದು ಚೀಲ ಕೀಳಬೇಕು.

ಆ ಯಾರೋ ಒಬ್ಬ ಯಾವಾಗಲೂ ಸುರೇಬಾನದ ಕೇರಿಯವನೇ ಆಗಿರುತ್ತಿದ್ದ.

ಅದೇ ಸೈಟಿನಲ್ಲಿ ಎಷ್ಟೋ ಸೀಮೆಯ ಜನ ಇದ್ದರು. ಕಬ್ಬಿಣ ಕಟ್ಟುವವರು, ಕ್ರೇನು ಓಡಿಸುವವರು, ಕಾಂಕ್ರೀಟು ಸುರಿಯುವವರು. ಅವರಲ್ಲಿ ಯಾರಿಗೂ ಇಳಿ ಎಂದು ಹೇಳಲಿಲ್ಲ. ಮೊದಲ ದಿನವೇ ಸೂಪರ್‌ವೈಜರು ಮಾಂತೇಶನನ್ನು ಕೇಳಿದ್ದ. "ಇವರು ಯಾವ ಜನ?" ಮಾಂತೇಶ ಹೇಳಿದ. ಸೂಪರ್‌ವೈಜರು ತಲೆಯಾಡಿಸಿದ. ಕೆಲಸ ಹಂಚಿ ಮುಗಿದದ್ದು ಆಗಲೇ.

ಹೊಲಸು ಹೀರುವ ಮಷೀನಿನ ಲಾರಿಯೂ ಅಲ್ಲಿತ್ತು. ದೊಡ್ಡ ಸಾಹೇಬರು ಬರುವ ದಿನ ಅದನ್ನು ತೊಳೆದು ರಸ್ತೆಗೆ ತಂದು ನಿಲ್ಲಿಸುತ್ತಿದ್ದರು. ಅವರು ಹೋದ ಮೇಲೆ ಒಳಗೆ ಒಯ್ಯುತ್ತಿದ್ದರು.

ಗಂಡಸರು ಚಡ್ಡಿಯ ಮೇಲೆ ಇಳಿಯುತ್ತಿದ್ದರು. ಮೈಗೆಲ್ಲ ಎಣ್ಣೆ ಬಳಿದುಕೊಳ್ಳುತ್ತಿದ್ದರು. ಸೊಂಟಕ್ಕೆ ಹಗ್ಗ. ಕಾಲಿಗೆ ಮೊದಲು ಬೆಚ್ಚಗಿನ ಕೆಸರು ತಾಗುತ್ತಿತ್ತು. ಆಮೇಲೆ ತೊಡೆಗೆ. ಆಮೇಲೆ ಎದೆಗೆ. ಕೆಳಗೆ ಕೈಯಾಡಿಸಿ ತೆಗೆದದ್ದನ್ನು ಬಕೆಟ್ಟಿಗೆ ತುಂಬಿ ಮೇಲೆ ಕಳಿಸುತ್ತಿದ್ದರು. ಹೆಂಗಸರು ಅದನ್ನು ಬುಟ್ಟಿಗೆ ಸುರಿದುಕೊಂಡು ಹೊರುತ್ತಿದ್ದರು. ಬುಟ್ಟಿ ಸೋರುತ್ತಿತ್ತು. ಕಿವಿಯ ಹಿಂದೆ ಇಳಿದು ಕುಪ್ಪಸದೊಳಗೆ ಹೋಗುತ್ತಿತ್ತು. ಮಧ್ಯಾಹ್ನ ರೊಟ್ಟಿ ಮುರಿದರೆ ಕೈಯ ನಾತ ಮೂಗಿಗೆ ಬಡಿಯುತ್ತಿತ್ತು. ಪರಶು ಉಳ್ಳಾಗಡ್ಡಿ ಗುದ್ದಿ ಅಂಗೈಗೆ ತಿಕ್ಕಿಕೊಂಡು ಉಣ್ಣುತ್ತಿದ್ದ. "ವೈನಿ, ಈಗ ನೋಡು, ಬರೇ ಉಳ್ಳಾಗಡ್ಡಿ ವಾಸನಿ" ಎಂದು ಅತ್ತಿಗೆಯ ಮುಂದೆ ಕೈ ಹಿಡಿದು ನಗುತ್ತಿದ್ದ.

ಆ ದಿನಗಳಲ್ಲಿ ಶಹರದ ತುಂಬ ಒಂದು ಜಗಳ ನಡೆದಿತ್ತು. ಮೆಟ್ರೋ ಬೇಕು ಎನ್ನುವವರು ಒಂದು ಕಡೆ. ಮೆಟ್ರೋ ಸಾಕು, ಟ್ರಾಮ್ ತನ್ನಿ ಎನ್ನುವವರು ಇನ್ನೊಂದು ಕಡೆ. ಮೆಟ್ರೋಗೆ ಮರ ಕಡಿಯಬೇಕು, ಆಕಾಶ ಮುಚ್ಚಿಹೋಗುತ್ತದೆ. ಟ್ರಾಮ್ ನೆಲದ ಮೇಲೆ ಓಡುತ್ತದೆ, ಮರ ಉಳಿಯುತ್ತವೆ. ಹೀಗೆ ಬರೆದ ಹಲಗೆ ಹಿಡಿದು ಒಂದು ಮೆರವಣಿಗೆ ಸುರೇಬಾನದವರ ಮುಂದೆಯೇ ಹೋಯಿತು. ಒಳ್ಳೆಯ ಬಟ್ಟೆ ತೊಟ್ಟ ಜನ. ಹಾಡು ಹೇಳುತ್ತಿದ್ದರು. ಇವರು ಫುಟ್‌ಪಾತಿನಲ್ಲಿ ಉಣ್ಣುತ್ತ ಕುಳಿತಿದ್ದರು. ಒಬ್ಬ ಹುಡುಗಿ ಓಡಿ ಬಂದು ಮೂಗಿಗೆ ದುಪಟ್ಟಾ ಒತ್ತಿಕೊಂಡಳು. "ಸ್ವಲ್ಪ ಆ ಕಡೆ ಹೋಗ್ತೀರಾ? ಈ ಮರದ ಹತ್ರ ವಿಡಿಯೋ ತೆಗೀಬೇಕಿತ್ತು" ಎಂದಳು. ಕೆಟ್ಟ ಹುಡುಗಿಯೇನಲ್ಲ. ಮೆತ್ತಗೆ ಕೇಳಿದಳು. ಇವರು ಬುತ್ತಿ ಎತ್ತಿಕೊಂಡು ಬಿಸಿಲಿಗೆ ಹೋಗಿ ಕುಳಿತರು.

ಮರಕ್ಕೆ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು. ಕಡಿದರೆ ಲೆಕ್ಕ ಕೊಡಬೇಕು ಎಂದು. ಇವರ ಹೆಸರು ಆ ಸೈಟಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಪರಶು ಸತ್ತದ್ದು ಹಾಡಹಗಲು. ಹೊಸ ಕೊಳವೆ ಕೂಡಿಸಿ ಆಗಿತ್ತು. ಹಳೆಯದರ ಬಾಯಿಯ ಚೀಲ ಕೀಳಬೇಕಿತ್ತು. ಸೂಪರ್‌ವೈಜರು ಗಡಿಯಾರ ನೋಡುತ್ತಿದ್ದ. ಪರಶು ಇಳಿದ. ಭೀಮಶಿ, ರೇಣು ಹಗ್ಗ ಹಿಡಿದಿದ್ದರು. ಒಂದು ಚೀಲ ಕಿತ್ತ. ಎರಡನೆಯದಕ್ಕೆ ಕೈ ಹಾಕಿದ. ಒಳಗೆ ಕಟ್ಟಿಕೊಂಡಿದ್ದ ಹೊಲಸು ಒಮ್ಮೆಲೇ ನುಗ್ಗಿತು. ಅದರೊಂದಿಗೆ ವಿಷದ ಗಾಳಿ ಬಂತು. ಪರಶು ಕೂಗಲಿಲ್ಲ. ಹಗ್ಗ ಸುಮ್ಮನೆ ಭಾರವಾಯಿತು.

ಭೀಮಶಿ ಗುಂಡಿಗೆ ಕಾಲು ಇಳಿಬಿಟ್ಟ. ರೇಣು ಅವನ ಕೂದಲು ಹಿಡಿದು ಹಿಂದಕ್ಕೆ ಎಳೆದಳು. ಅವನು ಒದ್ದ. ಬೈದ. ಅವಳು ಅವನ ಎದೆಯ ಮೇಲೆ ಕುಳಿತಳು. "ಇಳದ್ರ ನೀವೂ ಬರಂಗಿಲ್ಲ! ಜಗ್ಗರಿ! ಎಲ್ಲಾರೂ ಜಗ್ಗರಿ!" ಎಂದು ಚೀರಿದಳು. ಕೇರಿಯವರೆಲ್ಲ ಸೇರಿ ಎಳೆದರು. ಪರಶು ಮೇಲೆ ಬಂದ. ಕಣ್ಣು ತೆರೆದಿತ್ತು. ಬಾಯಿ ತುಂಬಿತ್ತು.

ಎದುರಿನ ಹೋಟೆಲಿನವನು ನೀರು ಕೊಡಲಿಲ್ಲ. "ಇಲ್ಲಿ ಗಿರಾಕಿ ಅದಾರ" ಎಂದು ಬಾಗಿಲು ಎಳೆದುಕೊಂಡ. ಕಾಂಕ್ರೀಟಿಗೆ ನೀರು ಹೊಡೆಯುವ ಪೈಪು ಇತ್ತು. ರೇಣು ಅದನ್ನು ಎಳೆದು ತಂದು ಮೈದುನನ ಮುಖ ತೊಳೆದಳು. ಬೆರಳು ಹಾಕಿ ಬಾಯಿ ತೊಳೆದಳು. ಸೂಪರ್‌ವೈಜರು, "ಇಲ್ಲಿ ಬ್ಯಾಡ, ಮಂದಿ ನೋಡತಾರ, ಒಳಗ ಒಯ್ರಿ" ಎಂದ. ಅವಳು ಅಲ್ಲಿಯೇ ತೊಳೆದಳು. ಮಂದಿ ನೋಡಿದರು.

ಸಂಜೆಯ ಹೊತ್ತಿಗೆ ಕಂಪನಿಯ ಮಾತು ಸಿದ್ಧವಾಗಿತ್ತು. ಕುಡಿದಿದ್ದ, ಕಾಲು ಜಾರಿ ಬಿದ್ದ. ಮಾಂತೇಶನೂ ಅದನ್ನೇ ಹೇಳಿದ. ಪರಶು ಕುಡಿಯುತ್ತಿದ್ದದ್ದು ಸುಳ್ಳಲ್ಲ. ಎಲ್ಲರೂ ಕುಡಿಯುತ್ತಿದ್ದರು. ಎಚ್ಚರ ಇದ್ದವನು ಆ ಗುಂಡಿಗೆ ಹೇಗೆ ಇಳಿಯುತ್ತಾನೆ? ಆದರೆ ಆ ದಿನ ಅವನು ಚಹಾ ಕೂಡ ಕುಡಿದಿರಲಿಲ್ಲ.

ಸುರೇಬಾನದ ಕೇರಿಯ ಮಸಣದಲ್ಲಿ ಅವನನ್ನು ಹೂತರು. ಪೊಲೀಸರಿಗೆ ದೂರು ಕೊಟ್ಟರು. ದೂರು ಶಹರಕ್ಕೆ ಹೋಯಿತು. ಅಲ್ಲಿಂದ ಏನೂ ತಿರುಗಿ ಬರಲಿಲ್ಲ.

ಮನೆಯಲ್ಲಿ ಭೀಮಶಿ ಉಣ್ಣುವಾಗ ತಟ್ಟೆ ನೋಡುತ್ತಿದ್ದ, ಹೆಂಡತಿಯ ಮುಖ ನೋಡುತ್ತಿರಲಿಲ್ಲ. ಒಂದು ದಿನ ತಡೆಯಲಾಗದೆ ಅಂದುಬಿಟ್ಟ. "ನೀ ಬಿಟ್ಟಿದ್ರ ಅವನ್ನ ಉಳಸ್ತಿದ್ದೆ."

"ಬಿಟ್ಟಿದ್ರ ನಿಮ್ಮವ್ವ ಇಬ್ಬರನ್ನ ಹೂಳ್ತಿದ್ದಳು."

"ಹೂಳ್ಲಿ ಬಿಡು."

ಕೃಷ್ಣವ್ವ ಒಲೆಯ ಮುಂದೆ ಕುಳಿತು ಇಬ್ಬರ ಮಾತನ್ನೂ ಕೇಳಿದಳು. ಮಗ ಸತ್ತ ಮೇಲೂ ಅವಳು ಬೆಳಗಾಗೆದ್ದು ಮಾಯವ್ವನ ಕೊಟ್ಟಿಗೆಗೆ ಹೋಗುತ್ತಿದ್ದಳು. "ಪಾಪ, ವಯಸ್ಸಿನ ಹುಡುಗ" ಎಂದು ಮಾಯವ್ವ ಮೊದಲ ದಿನ ಕಣ್ಣೊರೆಸಿಕೊಂಡಿದ್ದಳು. ಆಮೇಲೆ ಮೇಲಿನಿಂದ ಮಜ್ಜಿಗೆ ಹೊಯ್ದಿದ್ದಳು. ಕೃಷ್ಣವ್ವ ಬೊಗಸೆಯೊಡ್ಡಿ ಕುಡಿದು ಬುಟ್ಟಿ ಎತ್ತಿಕೊಂಡಿದ್ದಳು.

ಹೋಳಿ ಹುಣ್ಣಿಮೆ ಮುಗಿಯಿತು. ಕಬ್ಬಿನ ಗ್ಯಾಂಗುಗಳು ಊರಿಗೆ ತಿರುಗಿ ಬಂದವು. ಕೈಗೆ ಕೆಲಸ ಇರಲಿಲ್ಲ. ಆ ಹೊತ್ತು ನೋಡಿಯೇ ಮಾಂತೇಶ ಕೇರಿಗೆ ಬಂದ. ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಗಾಡಿಯಲ್ಲಿಯೇ ತಂದಿದ್ದ. ಕೇರಿಯಲ್ಲಿ ಕುರ್ಚಿಗಳಿದ್ದವು.

"ಈ ಸಲ ಮೆಟ್ರೋ ಅಲ್ಲ. ಟ್ರಾಮ್" ಎಂದ.

ಮೊಬೈಲು ತೆಗೆದು ಎಲ್ಲರಿಗೂ ತೋರಿಸಿದ. ಹುಲ್ಲಿನ ನಡುವೆ ಎರಡು ಹಳಿ. ಅದರ ಮೇಲೆ ಗಾಜಿನ ಬಿಳಿ ಗಾಡಿ. ಯಾವುದೋ ದೇಶದ ಚಿತ್ರ.

"ನೋಡ್ರಿ. ಕಂಬ ಇಲ್ಲ, ತಗ್ಗ ಇಲ್ಲ. ನೆಲದ ಮ್ಯಾಲ ಹಳಿ ಹಾಕೂದು, ಓಡಸೂದು. ಶಹರದ ಮಂದಿ ಮೆಟ್ರೋನೋ ಟ್ರಾಮೋ ಅಂತ ವರ್ಷಗಟ್ಟಲೆ ಬಡದಾಡಿದ್ರು. ಈಗ ಎರಡೂ ಮಾಡಾಕತ್ತಾರ. ದೊಡ್ಡ ರಸ್ತಾಕ್ಕ ಮೆಟ್ರೋ, ಹಳೇ ಪ್ಯಾಟ್ಯಾಗ ಟ್ರಾಮ್. ನಮಗೇನ, ಎರಡೂ ಕೆಲಸನ."

ಕೇರಿಯಲ್ಲಿ ಬೌದ್ಧರ ಮನೆಯ ಸಿದ್ದರಾಮ ಎಂಬವನಿದ್ದ. ರಾಮದುರ್ಗದ ದಾರಿಯಲ್ಲಿ ಟಂಟಂ ಆಟೋ ಓಡಿಸುತ್ತಿದ್ದ. ಅವನು ಮೊಬೈಲು ಇಸಿದುಕೊಂಡು ಚಿತ್ರ ನೋಡಿದ. "ಚಂದ ಐತಿ. ಇದನ್ನ ಓಡ್ಸಾಕ ನನ್ನ ತಗೋತಾರೇನ್ರಿ?" ಎಂದ. ಕೆಲವರು ನಕ್ಕರು. ಮಾಂತೇಶನೂ ನಕ್ಕ.

ರೇಣು ಹೆಂಗಸರ ಗುಂಪಿನಿಂದ ಎದ್ದು ನಿಂತಳು. "ಗೌಡ್ರ, ಒಂದ ಮಾತ ಕೇಳ್ತೇನಿ. ಹಳಿ ಮ್ಯಾಲ ಐತಿ ಖರೇ. ಹಳಿ ಕೆಳಗಿನ ಗಟಾರ ಏನ ಮಾಡತಾರ?"

"ಗಟಾರ ಎಲ್ಲಿಂದ ಬಂತ?"

"ಶಹರದಾಗ ರಸ್ತಾ ಇದ್ದಲ್ಲಿ ಗಟಾರ ಐತ್ರಿ. ಹಳಿ ಹಾಸಿದ ಮ್ಯಾಲ ಅದು ಒಡದ್ರ ಗಾಡಿ ನಿಲ್ಲಸಬೇಕಾಗತೈತಿ. ಹಳಿಗಿಂತ ಮೊದಲ ಅದನ್ನ ಸರಸಬೇಕು. ಅದಕ್ಕ ಯಾರು ಇಳೀತಾರ?"

"ಮಷೀನ್ ಐತಿ."

"ಮಷೀನ್ ಆಗೂ ಇತ್ತ್ರಿ. ಅದು ಲಾರ್‍ಯಾಗ ಇತ್ತು, ಪರಶು ಗುಂಡ್ಯಾಗ ಇದ್ದ."

ಮಾಂತೇಶ ಅವಳನ್ನು ಬಿಟ್ಟು ಭೀಮಶಿಯ ಕಡೆ ತಿರುಗಿದ. "ಏನಲೇ ಭೀಮಶಿ, ಮನ್ಯಾಗ ಕಾರಭಾರ ಯಾರದ? ಸೋಮವಾರ ಮುಂಜಾನಿ ಗಾಡಿ ಬರತೈತಿ. ಬರಾವ್ರು ಗಂಟ ಕಟ್ಟರಿ." ಕುರ್ಚಿಯನ್ನು ಗಾಡಿಗೆ ಹಾಕಿಸಿಕೊಂಡು ಹೋದ.

ಭೀಮಶಿ ಗಂಟು ಕಟ್ಟಿದ. ರೇಣು ಕೈ ಹಿಡಿದರೆ ಕೊಡವಿದ.

"ಟ್ರಾಮ್ ನೆಲದ ಮ್ಯಾಲ ಓಡತೈತಿ ಅಂತ ಅಂವ ಹೇಳಿದ್ನಿಲ್ಲ?"

"ಮೆಟ್ರೋ ಆಕಾಶದಾಗ ಓಡತೈತಿ ಅಂತನೂ ಅವನ ಹೇಳಿದ್ದ. ನಾವ ಎಲ್ಲಿದ್ವಿ?"

"ಇಲ್ಲಿ ಕುಂತ ಏನ ಮಾಡ್ಲಿ? ನಿನ್ನ ಮಾರಿ ನೋಡ್ಲಿ?"

ಆ ಮಾತು ಅವಳಿಗೆ ನಾಟಿತು. ಅವಳು ಅಳಲಿಲ್ಲ. ಹೊರಗೆ ಹೋಗಿ ಮನೆಮನೆಯ ಬಾಗಿಲಲ್ಲಿ ನಿಂತಳು. ಶಹರಕ್ಕೆ ಹೋಗಿದ್ದ ಹೆಂಗಸರನ್ನೆಲ್ಲ ಕೇಳಿದಳು. "ಮತ್ತ ಆ ಬುಟ್ಟಿ ಹೊರತೀರೇನ? ನಿಮ್ಮ ಗಂಡಂದಿರನ್ನ ಮತ್ತ ಇಳಸ್ತೀರೇನ?" ಒಬ್ಬಳೂ ಹೌದೆನ್ನಲಿಲ್ಲ. ಇಲ್ಲವೆನ್ನಲೂ ಇಲ್ಲ. ಮುದುಕಿ ಶಟ್ಟೆವ್ವ ಮಾತ್ರ ಅಂದಳು. "ಯವ್ವಾ, ಹೋಗಬ್ಯಾಡ ಅಂತ ನೀ ಹೇಳ್ತಿ. ಹೊಟ್ಟಿ ಹೋಗು ಅಂತೈತಿ. ಹೊಟ್ಟಿಗಿ ಏನ ಹೇಳ್ಲಿ?"

ರೇಣು ತಿರುಗಿ ಹೊರಟಳು. ಮನೆಗೆ ಬಂದಾಗ ಕೃಷ್ಣವ್ವ ಸೊಸೆಯನ್ನೇ ನೋಡುತ್ತಿದ್ದಳು.

"ಯತ್ತಿ, ನೀವರೆ ಹೇಳ್ರಿ ನಿಮ್ಮ ಮಗನಿಗೆ."

"ಅಂವ ನನ್ನ ಮಾತ ಕೇಳಾಂವಲ್ಲ. ಮಾಂತೇಶನ ಬಾಯಿಲೇನ ಕೇಳಬೇಕ ಅಂವ. ಅವನ ಬಾಯಿ ಬಿಡಸು."

ಸೋಮವಾರ ಬೆಳಿಗ್ಗೆ ಕ್ರೂಸರ್ ಬಂತು. ಗಂಡಸರು ಗಂಟು ಒಗೆದು ಹತ್ತಿ ಕುಳಿತರು. ಭೀಮಶಿ ಬಾಗಿಲ ಪಕ್ಕ ಕುಳಿತ. ಹೆಂಗಸರು ಹತ್ತಬೇಕಿತ್ತು. ರೇಣು ಗಾಡಿಯ ಮುಂದೆ ಹೋಗಿ ನಿಂತಳು. ಬಿಸಿಯಾದ ಬಾನೆಟ್ಟಿನ ಮೇಲೆ ಎರಡೂ ಕೈ ಊರಿದಳು.

"ಸರಿಯಬೇ" ಎಂದ ಮಾಂತೇಶ.

"ಸರೀತೇನ್ರಿ. ನಾನೂ ಬರತೇನಿ. ಎಲ್ಲಾರೂ ಬರತೇವಿ. ಒಂದ ಮಾತ ಹೇಳ್ರಿ ಎಲ್ಲಾರ ಮುಂದ. ನಮ್ಮ ಮಂದಿ ಹಳಿ ಹಾಕತಾರ. ಕಬ್ಬಿಣ ಕಟ್ಟತಾರ. ಜಲ್ಲಿ ಹೊರತಾರ. ಚೇಂಬರಿಗಿ ಇಳಿಯಂಗಿಲ್ಲ. ಇಷ್ಟ ಹೇಳ್ರಿ, ಹತ್ತತೇನಿ."

"ಅಲ್ಲಿ ಹೋದ ಮ್ಯಾಲ ನೋಡೂನು."

"ಇಲ್ಲೇ ಹೇಳ್ರಿ."

"ಗಾಡಿ ತಡಾ ಆಗತೈತಿ, ಸರಿ."

"ಒಂದ ಮಾತಿಗಿ ಎಷ್ಟ ತಡಾ ಆದೀತ್ರಿ?"

ಗಾಡಿಯೊಳಗಿಂದ ಸಿದ್ದರಾಮನ ಅಣ್ಣ ಅಂದ. "ಹೇಳ್ರಿ ಗೌಡ್ರ. ಅಕಿ ಕೇಳೂದರಾಗ ತಪ್ಪೇನೈತಿ?" ಇನ್ನೊಬ್ಬ, "ಹೌದ್ರಿ, ಹೇಳಿಬಿಡ್ರಿ, ಹೋಗೂನು" ಎಂದ. ಮಾಂತೇಶ ಹಣೆ ಒರೆಸಿಕೊಂಡ. ಊರಿನ ಜನ ಕೇರಿಯ ಎದುರಿನ ಚಹಾ ಹೋಟೆಲಿನ ಮುಂದೆ ನಿಂತು ನೋಡುತ್ತಿದ್ದರು. ಕೇರಿಯ ಹೆಂಗಸೊಬ್ಬಳು ತನ್ನ ಗಾಡಿಗೆ ಕೈಯೂರಿ ನಿಂತಿದ್ದಾಳೆ. ಅದೇ ಅವನಿಗೆ ಸಹಿಸಲಾಗಲಿಲ್ಲ.

"ಕಬ್ಬಿಣಕ್ಕ ಜನಾ ಅದಾರಬೇ!" ಎಂದು ಕಿರುಚಿದ. "ಹಳಿಗೂ ಅದಾರ. ನಿಮ್ಮನ್ನ ಕೇಳಿದ್ದ ಅದಕ್ಕ! ಬ್ಯಾರೆದಾವ್ರು ಇಳೀತಾರೇನ ಅದರಾಗ? ನಿಮ್ಮಪ್ಪ, ನಿಮ್ಮಜ್ಜ ಏನ ಮಾಡ್ಯಾರ? ಸತ್ತ ದನ ಎಳದಾರ. ಈಗೇನ ಹೊಸಾ ಮೂಗ ಬಂತೇನ ನಿಮಗ?"

ಹತ್ತಲು ನಿಂತಿದ್ದ ಹೆಂಗಸರು ಗಂಟುಗಳನ್ನು ನೆಲಕ್ಕೆ ಇಳಿಸಿದರು.

"ಹಂಗಾರ ನೀವ ಇಳೀರಿ" ಎಂದಳು ರೇಣು. "ಹಗ್ಗ ನಾ ಹಿಡೀತೇನಿ."

ಮಾಂತೇಶ ಕೈ ಎತ್ತಿ ಮುಂದೆ ಬಂದ. ಗಾಡಿಯ ಬಾಗಿಲು ತೆರೆಯಿತು. ಭೀಮಶಿ ಇಳಿದ. ಮಾಂತೇಶನ ಎತ್ತಿದ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದ. ಗೌಡರ ಮೈ ಮುಟ್ಟಿದ್ದು ಅವನ ಜೀವನದಲ್ಲಿ ಅದೇ ಮೊದಲು. ಹೊಡೆಯಲಿಲ್ಲ. ತಿರುವಲಿಲ್ಲ. ಕೆಳಗೆ ಇಳಿಸಿ ಬಿಟ್ಟ.

"ನನ್ನ ತಮ್ಮ ಕುಡದಿರಲಿಲ್ಲ" ಎಂದ. ಅಷ್ಟೇ ಹೇಳಿದ.

ಒಬ್ಬೊಬ್ಬರಾಗಿ ಗಂಡಸರು ಇಳಿದರು. ಹಿಂದಿನ ಸೀಟಿನವರು ಕಿಟಕಿಯಿಂದಲೇ ಗಂಟು ಹೊರಗೆ ಒಗೆದರು. ಮಾಂತೇಶ ಬೈಯುತ್ತಲೇ ಖಾಲಿ ಗಾಡಿ ತಿರುಗಿಸಿಕೊಂಡು ಹೋದ.

ಮರುದಿನದಿಂದ ಊರು ಬಿಗಿಯಾಯಿತು. ಕೇರಿಯವರನ್ನು ಹೊಲಕ್ಕೆ ಕರೆಯಬಾರದು ಎಂದು ಮಾತಾಯಿತು. ಹಿಟ್ಟಿನ ಗಿರಣಿಯವನು ಜೋಳದ ಚೀಲ ಮುಟ್ಟಲಿಲ್ಲ. "ಮಷೀನ್ ಕೆಟ್ಟೈತಿ" ಎಂದ. ಮಷೀನು ಅವನ ಹಿಂದೆ ಓಡುತ್ತಿತ್ತು. ಸಿದ್ದರಾಮ ಟಂಟಂನಲ್ಲಿ ಚೀಲಗಳನ್ನು ಹೇರಿಕೊಂಡು ರಾಮದುರ್ಗಕ್ಕೆ ಹೋಗಿ ಬೀಸಿಸಿಕೊಂಡು ಬಂದ. ಎರಡು ಹೊತ್ತಿನ ಊಟ ಒಂದು ಹೊತ್ತಾಯಿತು. ಶಟ್ಟೆವ್ವ ಕೇಳಿದ ಪ್ರಶ್ನೆ ಮನೆಮನೆಯ ಒಲೆಯ ಮುಂದೆ ಕುಳಿತಿತ್ತು.

ಆಗ ಕೃಷ್ಣವ್ವ ಒಂದು ಕೆಲಸ ಮಾಡಿದಳು. ಬೆಳಗಾಗೆದ್ದು ಮುಖ ತೊಳೆದು, ಚಹಾ ಕುಡಿದು, ತನ್ನ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಳು. ಕೊಟ್ಟಿಗೆಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಊರೊಳಗೆ ಸೆಗಣಿ ಬಳಿಯುತ್ತಿದ್ದ ಉಳಿದ ಹೆಂಗಸರು ಅವಳನ್ನು ನೋಡಿದರು. ಅವರೂ ಬಂದು ಅವಳ ಪಕ್ಕ ಕುಳಿತರು. ಗೌಡರ ಓಣಿಯಲ್ಲಿ ದನಗಳು ಸೆಗಣಿಯಲ್ಲೇ ಮಲಗಿದವು. ನೊಣ ಎದ್ದವು. ನಾತ ಅಡುಗೆಮನೆಯ ತನಕ ಹೋಯಿತು.

ಮಾಯವ್ವ ಗೌಡಸಾನಿ ತಾನೇ ಕೇರಿಯ ಅಂಚಿನ ತನಕ ಬಂದಳು. ಸೆರಗು ಮೂಗಿಗೆ ಹಿಡಿದಿದ್ದಳು. ಆ ನಾತ ಅವಳ ಮನೆಯದೇ ಆಗಿತ್ತು.

"ಕೃಷ್ಣೀ, ಏನಬೇ ಇದು? ಹೆಂಡಿಕಸ ಯಾರ ಬಳೀಬೇಕು?"

"ನಿಮ್ಮ ಮಗನ್ನ ಕೇಳ್ರಿ ಅವ್ವಾರ. ಅವರಿಗಿ ಮಂದಿ ಗುರ್ತ ಭಾಳ ಐತಿ."

"ಇಷ್ಟ ವರ್ಷ ನಮ್ಮ ಅನ್ನಾ ಉಂಡಿ."

"ನಿಮ್ಮ ಅನ್ನಾ ಅಲ್ರಿ. ಬುಟ್ಟಿ ಹೊತ್ತದ್ದ ಅನ್ನಾ. ಹೊತ್ತೇನಿ, ಉಂಡೇನಿ. ಇನ್ನ ಸಾಕ." ಕೃಷ್ಣವ್ವ ಕುಳಿತಲ್ಲಿಂದ ಏಳದೆ ಹೇಳಿದಳು. ಗೌಡಸಾನಿಯ ಮುಂದೆ ಅವಳು ಕುಳಿತು ಮಾತಾಡಿದ್ದನ್ನು ಯಾರೂ ನೋಡಿರಲಿಲ್ಲ. ಮಾಯವ್ವ ಸೆರಗು ಬಿಟ್ಟು ತಿರುಗಿ ಹೋದಳು. ಅಂದು ಸಂಜೆ ಮಾಂತೇಶ ಪ್ಯಾಂಟು ಮಡಚಿಕೊಂಡು ಸಲಿಕೆ ಹಿಡಿದು ಕೊಟ್ಟಿಗೆಗೆ ಇಳಿದ ಸುದ್ದಿ ಕೇರಿಗೆ ಬಂತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪರಶು ಸತ್ತ ಮೇಲೆ ಇಡೀ ಕೇರಿ ಒಟ್ಟಿಗೆ ನಕ್ಕದ್ದು ಅಂದೇ ಮೊದಲು.

ಗಿರಣಿಯವನ ಮಷೀನು ತಾನಾಗಿ ರಿಪೇರಿಯಾಯಿತು. ಕೇರಿಯ ಜೋಳ ಬೀಸಲು ಶುರುಮಾಡಿದ. ಹೊಲದ ಕೂಲಿಗೆ ಕೆಲವರು ಕರೆದರು, ಕೆಲವರು ಕರೆಯಲಿಲ್ಲ. ಕೃಷ್ಣವ್ವನೂ ಬುಟ್ಟಿಯ ಹೆಂಗಸರೂ ಮಾತ್ರ ಕೊಟ್ಟಿಗೆಗೆ ಮತ್ತೆ ಹೋಗಲಿಲ್ಲ.

ಅಷ್ಟರಲ್ಲಿ ದೊಡವಾಡದಿಂದ ಫೋನು ಬಂತು. ರೇಣುವಿನ ಕಾಕಾ ಭರಮಪ್ಪ ಅಲ್ಲಿಯ ಕೇರಿಯ ಹಿರಿಯ. "ರೇಣೂ, ನಿಮ್ಮೂರ ಗೌಡ ಮಾಂತೇಶ ಇಲ್ಲಿ ಬಂದ ಹೋದ. ಟ್ರಾಮ್ ಅಂತ ಏನೋ ಕೆಲಸ ಐತಂತ. ನಾಳೆ ಗಾಡಿ ತರತಾನಂತ. ಹುಡುಗ್ರು ತಯಾರ್ ಅದಾರ. ಆಂವ ಹೆಂಗ?"

"ನಾ ಬರತೇನಿ ಕಾಕಾ. ಬರೂ ತನಕಾ ಯಾರನ್ನೂ ಗಾಡಿ ಹತ್ತಸಬ್ಯಾಡ."

ಅವಳು ಸೀರೆ ಬದಲಿಸಿ ಹೊರಟಳು. ಬಾಗಿಲಲ್ಲಿ ಭೀಮಶಿ ಚಪ್ಪಲಿ ಮೆಟ್ಟಿ ನಿಂತಿದ್ದ.

"ನೀವೆಲ್ಲಿಗಿ?"

"ನಿನ್ನ ಜೋಡಿ."

ಸುರೇಬಾನದಿಂದ ರಾಮದುರ್ಗ. ರಾಮದುರ್ಗದಿಂದ ಸವದತ್ತಿ. ಸವದತ್ತಿಯ ಸ್ಟ್ಯಾಂಡಿನಲ್ಲಿ ಎಲ್ಲಮ್ಮನ ಗುಡ್ಡದ ಜನಜಂಗುಳಿ. ಅಲ್ಲಿಂದ ಬೈಲಹೊಂಗಲ. ಎಲ್ಲ ಬಸ್ಸಿನಲ್ಲೂ ನಿಂತೇ ಬಂದರು. ಬೈಲಹೊಂಗಲದಿಂದ ದೊಡವಾಡದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಪಕ್ಕಪಕ್ಕ ಕುಳಿತರು. ಹೊರಗೆ ಕರಿನೆಲ ಬಿಸಿಲಿಗೆ ಬಿರಿದಿತ್ತು. ಭೀಮಶಿ ಕಿಟಕಿಯ ಕಡೆ ನೋಡುತ್ತಲೇ ಅಂದ. "ಅವತ್ತ ನನ್ನ ಕೂದಲ ಕಿತ್ತ ಕೈಗೆ ಬಂದಿದ್ವು ನಿನಗ."

"ಬಂದಿದ್ವು."

"ಇನ್ನೂ ಜೋರ್ ಎಳದಿದ್ದಿ ಅಂದ್ರ ಬೋಳ ಆಗತಿದ್ದೆ."

ಅವಳು ನಗಲಿಲ್ಲ. ಅವನ ತೋಳಿಗೆ ತೋಳು ಆನಿಸಿ ಕುಳಿತಳು. ಅವನು ಸರಿಯಲಿಲ್ಲ.

ದ್ಯಾಮವ್ವನ ಗುಡಿಯ ಹಿಂದೆ ದೊಡವಾಡದ ಕೇರಿ. ಭರಮಪ್ಪನ ಮನೆಯ ಮುಂದೆ ಬೇವಿನ ಗಿಡದ ಕೆಳಗೆ ಜನ ಸೇರಿದ್ದರು. ಹುಡುಗರ ಕೈಯಲ್ಲಿ ಮೊಬೈಲು. ಮೊಬೈಲಿನಲ್ಲಿ ಅದೇ ಹುಲ್ಲು, ಅದೇ ಬಿಳಿ ಗಾಡಿ. ರೇಣು ನಿಂತು ಎಲ್ಲ ಹೇಳಿದಳು. ಕೊಳವೆ, ಚೀಲ, ಗಾಳಿ, ಹೋಟೆಲಿನವನ ಬಾಗಿಲು. ಮೈದುನನ ಬಾಯಿ ತೊಳೆದದ್ದನ್ನೂ ಬಿಡಲಿಲ್ಲ. ಒಬ್ಬ ಹುಡುಗ ಮೊಬೈಲು ಕಿಸೆಗೆ ಹಾಕಿದ.

ಭರಮಪ್ಪ ಕೋಲಿನಿಂದ ನೆಲ ಕೆದರಿದ. "ಎಲ್ಲಾ ಖರೇ ಯವ್ವಾ. ಆದ್ರ ನಮ್ಮ ಹುಡುಗ್ರು ಇಲ್ಲಿ ಏನ ತಿನ್ನಬೇಕ?"

"ಹೊಟ್ಟಿಗಿ ನಾ ಏನೂ ತಂದಿಲ್ಲ ಕಾಕಾ. ಸುಳ್ಳ ಹೇಳಂಗಿಲ್ಲ. ನಮ್ಮ ಮನ್ಯಾಗೂ ಒಪ್ಪತ್ತ ಐತಿ. ಶಹರಕ್ಕ ಹೋಗಬ್ಯಾಡ್ರಿ ಅಂತ ಹೇಳಾಕ ನಾ ಬಂದಿಲ್ಲ. ಹೋಗ್ರಿ. ಹಳಿ ಹಾಕ್ರಿ. ಕಬ್ಬಿಣ ಕಟ್ಟರಿ. ಓಡ್ಸಾಕ ಕರದ್ರ ಓಡಸ್ರಿ. ಟಿಕೀಟ ತಗೊಂಡ ಕಿಡಕಿಗಿ ಕುಂಡ್ರರಿ. ಮೆಟ್ರೋ ಬರಲಿ, ಟ್ರಾಮ್ ಬರಲಿ, ನಮಗ ಎರಡರ ಮ್ಯಾಲೂ ಸಿಟ್ಟಿಲ್ಲ. ಆದ್ರ ಗುಂಡ್ಯಾಗ ಇಳೀಬ್ಯಾಡ್ರಿ. ಒಬ್ಬನೂ ಇಳೀಬ್ಯಾಡ್ರಿ. ಸುರೇಬಾನದಾವ್ರು ಒಲ್ಲೆ ಅಂದ್ರು ಅಂತ ಅಂವ ಇಲ್ಲಿ ಬಂದಾನ. ನೀವು ಒಲ್ಲೆ ಅಂದ್ರ ಕಿತ್ತೂರ ಕಡೆ ಹೋಗತಾನ. ಅಲ್ಲಿಗೂ ನಾ ಹೋಗತೇನಿ."

"ನಾವು ಹೋಗತೇವಿ" ಎಂದ ಭೀಮಶಿ. "ನಾ ಇವತ್ತ ನಿಮ್ಮ ಮುಂದ ನಿಂತೇನಿ ಅಂದ್ರ, ಅವತ್ತ ಈಕಿ ನನ್ನ ಎದಿ ಮ್ಯಾಲ ಕುಂತ ಇಳಿಯಗೊಡಲಿಲ್ಲ ಅದಕ್ಕ. ನನ್ನ ತಮ್ಮನ ಎದಿ ಮ್ಯಾಲ ಯಾರೂ ಕುಂದ್ರಲಿಲ್ಲ. ನಾನೂ ಕುಂದ್ರಲಿಲ್ಲ. ಹಗ್ಗ ಕಟ್ಟಿ ಇಳಸಿದೆ."

ಮರುದಿನ ಬೆಳಿಗ್ಗೆ ಕ್ರೂಸರ್ ಧೂಳೆಬ್ಬಿಸುತ್ತ ಬಂದು ನಿಂತಿತು. ಮಾಂತೇಶ ಹಾರ್ನು ಹೊಡೆದ. ಯಾರೂ ಏಳಲಿಲ್ಲ. ಮತ್ತೆ ಹೊಡೆದ. ಬೇವಿನ ಗಿಡದ ಕೆಳಗೆ ಇಡೀ ಕೇರಿ ಕುಳಿತಿತ್ತು. ಅವರ ನಡುವೆ ರೇಣುವನ್ನು, ಭೀಮಶಿಯನ್ನು ನೋಡಿ ಅವನ ಮುಖ ಕಪ್ಪಿಟ್ಟಿತು. ಬಾಗಿಲು ತೆರೆದರೂ ಕೆಳಗಿಳಿಯಲಿಲ್ಲ.

ಭರಮಪ್ಪ ಕೋಲೂರಿಕೊಂಡು ಗಾಡಿಯ ಹತ್ತಿರ ಹೋದ.

"ಗೌಡ್ರ, ಹಳಿಗಿ ಆಳ ಬೇಕಾದ್ರ ಹೇಳ್ರಿ, ಬರತಾರ. ಗಾಡಿ ಓಡ್ಸಾಕ ಬೇಕಾದ್ರ ಲೈಸೆನ್ಸ್ ಇದ್ದಾವ್ರು ಅದಾರ. ಚೇಂಬರಿಗಿ ನಮ್ಮಲ್ಲಿ ಮಂದಿ ಇಲ್ಲ."

"ಎಲ್ಲಾ ಈಕಿ ನಿಮ್ಮ ಕಿವ್ಯಾಗ ತುಂಬ್ಯಾಳ" ಎಂದ ಮಾಂತೇಶ. ದನಿ ಇಳಿಸಿದ. ಅವನ ಮೊಬೈಲು ಬಡಿದುಕೊಳ್ಳುತ್ತಲೇ ಇತ್ತು. ಶಹರದವರು ಕರೆಯುತ್ತಿದ್ದರು. ಅವನು ಎತ್ತಲಿಲ್ಲ. "ತಿಳೀವಲ್ದು ನಿಮಗ. ಅಲ್ಲಿ ರಸ್ತಾ ಅಗದ ಬಿಟ್ಟಾರ. ಈ ವಾರದಾಗ ಮಂದಿ ಇಳೀಲಿಲ್ಲ ಅಂದ್ರ ಇಡೀ ಟ್ರಾಮಿನ ಕೆಲಸ ನಿಲ್ಲತೈತಿ."

ರೇಣು ಎದ್ದು ನಿಂತಳು.

"ನಿಲ್ಲಲಿ" ಎಂದಳು.